ಕಾರ್ಸನ್ನಿನ ಎರಡು ಅಕ್ಷರ

ಸೂಜಿಯ ಮೊನೆ ಮೊದಲ ಅಕ್ಷರದ ಅಂಚಿಗೆ ತಾಗಿತು. ತಾಗಿ ನಿಂತುಬಿಟ್ಟಿತು.

ನಿಲ್ಲಬಾರದಿತ್ತು. ಜಾರಿಕೊಂಡು ಮೇಲೇರಬೇಕಿತ್ತು.

ಎಲ್ಲರೂ ಮಾರ್ಸಿ ಎನ್ನುವ ಮಾರ್ಸೆಲಿನ್ ಉಹಾಲ್ದೆ ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ತಂದು, ನಾಣ್ಯವನ್ನು ಬಲ್ಬಿನ ಬೆಳಕಿಗೆ ಓರೆಯಾಗಿ ಹಿಡಿದಳು. ಹದ್ದಿನ ಬಾಲದ ಕೆಳಗೆ, ಎಲೆಯ ಹಾರ ಗಂಟು ಬಿದ್ದ ಜಾಗದ ಅಡಿಯಲ್ಲಿ, ಸಾಸಿವೆ ಕಾಳಿನಷ್ಟು ಚಿಕ್ಕ ಎರಡು ‘ಸಿ’ಗಳು. ಅವುಗಳ ಸುತ್ತ ಕೂದಲೆಳೆಯಂಥ ಕಪ್ಪು ಗೆರೆ.

ಟಂಕಸಾಲೆಯಲ್ಲಿ ಅಚ್ಚೊತ್ತಿದ ಅಕ್ಷರ ನಾಣ್ಯದ ಮೈಯಿಂದಲೇ ಎದ್ದಿರುತ್ತದೆ. ಮೈಗೂ ಅದಕ್ಕೂ ನಡುವೆ ಗೆರೆ ಎಲ್ಲಿಂದ ಬರಬೇಕು? ಇದು ಊರಿನ ಅಕ್ಷರವೇ ಇಲ್ಲದ ಫಿಲಡೆಲ್ಫಿಯಾದ ಮಾಮೂಲಿ ಡಾಲರು. ಯಾರೋ ಅದರ ಬೆನ್ನಿಗೆ ಎರಡು ಅಕ್ಷರ ತಂದು ಕೂರಿಸಿ ಕಾರ್ಸನ್ ಸಿಟಿಯ ಡಾಲರು ಮಾಡಿದ್ದರು.

ಅವಳ ಅಂಗೈ ಬೆವರಿತು. ನೆಲಮಾಳಿಗೆಯಲ್ಲಿ ಉಸಿರು ಬಿಟ್ಟರೆ ಹೊಗೆಯಾಗುವಷ್ಟು ಚಳಿಯಿತ್ತು. ಆದರೂ ಬೆವರಿತು.

ಹೋದ ವಾರ ಇದೇ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಮುದುಕ ಎಫ್ರಾಯಿಮ್ ಟ್ರೆಗಾಸ್ಕಿಸ್ ಕತ್ತು ಮುರಿದು ಬಿದ್ದಿದ್ದ. ಜಾರಿ ಬಿದ್ದ ಎಂದು ಪೆನ್‌ರೋಸ್ ಊರಿಗೆ ಊರೇ ನಂಬಿತ್ತು, ವಿಮಾ ಕಂಪನಿ ಕಳಿಸಿದ ಮಾರ್ಸಿ ಒಬ್ಬಳೇ ನಂಬಿರಲಿಲ್ಲ.

ಏಕೆಂದರೆ ಹೆಣದ ಬೆರಳುಗಳು ಭೂತಗನ್ನಡಿಯನ್ನು ಬಿಟ್ಟಿರಲಿಲ್ಲ. ಮೆಟ್ಟಿಲಲ್ಲಿ ಜಾರುವವನು ಮೊದಲು ಕೈಯಲ್ಲಿದ್ದದ್ದನ್ನು ಬಿಟ್ಟು ಕಂಬಿಗೆ ಕೈ ಹಾಕುತ್ತಾನೆ. ಟ್ರೆಗಾಸ್ಕಿಸ್ ಹಾಕಿರಲಿಲ್ಲ. ಅಂದರೆ ಅವನ ಕತ್ತು ಮುರಿದದ್ದು ಮೆಟ್ಟಿಲಲ್ಲಲ್ಲ. ಇಲ್ಲಿ, ಈಗ ಅವಳು ಕೂತಿರುವ ಈ ಮೇಜಿನ ಮುಂದೆ, ಬಹುಶಃ ಇದೇ ನಾಣ್ಯವನ್ನು ಹೀಗೇ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ, ಯಾರೋ ಬೆನ್ನ ಹಿಂದೆ ಬಂದು ನಿಂತಿದ್ದರು.

ಅವಳು ತಟ್ಟನೆ ಹಿಂದಿರುಗಿ ನೋಡಿದಳು. ಗೋಡೆಗೆ ಹಳೆಯ ಹಲಗೆಗಳನ್ನು ಮೊಳೆ ಹೊಡೆದು ಮುಚ್ಚಿದ್ದ ಜಾಗವೊಂದಿತ್ತು, ಯಾವುದೋ ಕಾಲದ ಬೆಳ್ಳಿ ಗಣಿಯ ಸುರಂಗದ ಬಾಯಿ. ಹಲಗೆಯ ಸಂದಿನಿಂದ ಗುಡ್ಡ ಉಸಿರಾಡಿದ ಹಾಗೆ ತಣ್ಣನೆ ಗಾಳಿ ಬರುತ್ತಿತ್ತು. ಬೇರೇನೂ ಇರಲಿಲ್ಲ.

ಮೇಜಿನ ಮೇಲೆ ವಾಲ್‌ನಟ್ ಮರದ ಪೆಟ್ಟಿಗೆ. ಅದರ ಮಖಮಲ್ಲಿನ ಗುಳಿಗಳಲ್ಲಿ ಒಟ್ಟು ಹದಿಮೂರು ಬೆಳ್ಳಿ ಡಾಲರು, ಒಂದೊಂದು ವರ್ಷಕ್ಕೆ ಒಂದೊಂದು. ಟ್ರೆಗಾಸ್ಕಿಸ್ ಬೇರೆ ಟಂಕಸಾಲೆಯ ನಾಣ್ಯ ಮುಟ್ಟಿದವನೇ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ್ದು ಬೇಡ, ನ್ಯೂ ಆರ್ಲಿಯನ್ಸಿನದು ಬಿಟ್ಟಿ ಕೊಟ್ಟರೂ ಬೇಡ. ಗುಡ್ಡದ ಕೆಳಗಿನ ಕಾರ್ಸನ್ ಸಿಟಿಯಲ್ಲಿ ಹುಟ್ಟಿದ್ದು ಮಾತ್ರ. ಅವನ ಅಜ್ಜ ಕಾರ್ನ್‌ವಾಲಿನಿಂದ ಹಡಗು ಹತ್ತಿ ಬಂದು ಈ ಗುಡ್ಡದ ಹೊಟ್ಟೆಯಲ್ಲಿ ಬೆಳ್ಳಿ ಅಗೆದವನು, ಅಗೆಯುತ್ತಲೇ ಮಣ್ಣು ಕುಸಿದು ಸತ್ತವನು. ಆ ಬೆಳ್ಳಿ ರೈಲು ಹತ್ತಿ ಕೆಳಗಿಳಿದು, ಡಾಲರಾಗಿ ದೇಶದ ಮೂಲೆಮೂಲೆಗೆ ಹೋಯಿತು.

‘ಅಜ್ಜ ಹೊರಗೆ ಕಳಿಸಿದ್ದನ್ನ ನಾನು ಒಂದೊಂದಾಗಿ ಮನೆಗೆ ಕರ್ಕೊಂಡು ಬರ್ತಿದೀನಿ’ ಎಂದು ಮುದುಕ ಹೇಳುತ್ತಿದ್ದನಂತೆ. ಹದಿಮೂರರಲ್ಲಿ ಕಟ್ಟಕಡೆಗೆ ಮನೆಗೆ ಬಂದದ್ದು ಇದು, ಸಾವಿರದ ಎಂಟುನೂರ ಎಂಬತ್ತೊಂಬತ್ತರದ್ದು. ಇದಕ್ಕಾಗಿ ಅವನು ಅರ್ಧ ಆಯುಷ್ಯ ಕಾದಿದ್ದ.

ಮಾರ್ಸಿಗೆ ಆ ಹುಚ್ಚು ಅರ್ಥವಾಗುತ್ತಿತ್ತು. ಅವಳು ಹುಟ್ಟಿದ್ದು ಗಾರ್ಡ್ನರ್‌ವಿಲ್‌ನಲ್ಲಿ, ಕಡಲಾಚೆಯಿಂದ ಬಂದ ಬಾಸ್ಕ್ ಕುರಿಗಾಹಿಗಳು ಚಳಿಗಾಲ ಕಳೆಯಲು ಇಳಿಯುವ ಊಟದ ಮನೆಯಲ್ಲಿ. ಅಪ್ಪನ ಗಲ್ಲಾಪೆಟ್ಟಿಗೆಗೆ ಬೀಳುವ ಬೆಳ್ಳಿ ಡಾಲರಿನ ಸದ್ದು ಕೇಳುತ್ತಲೇ ಅವಳು ನಿದ್ದೆ ಹೋಗುತ್ತಿದ್ದಳು. ಆಮೇಲೆ ಬೆಳ್ಳಿಯ ಬೆಲೆ ಏರಿತು, ಡಾಲರುಗಳು ಅಂಗಡಿ ಕಟ್ಟೆಯಿಂದಲೂ ಜೂಜಿನ ಮೇಜಿನಿಂದಲೂ ಮಾಯವಾದವು. ಆ ಸದ್ದೂ ಹೋಯಿತು.

ಮೇಲೆ ಮರದ ನೆಲ ಕಿರುಗುಟ್ಟಿತು.

ಮಾರ್ಸಿ ಕಿವಿಗೊಟ್ಟಳು. ಮೇಲಿದ್ದದ್ದು ಮುದುಕನ ತಂಗಿ ಹೆಸ್ಟರ್ ಒಬ್ಬಳೇ. ಅವಳದು ಚಪ್ಪಲಿ ಎಳೆದು ನಡೆಯುವ ಹೆಜ್ಜೆ. ಇದು ಬೂಟಿನ ಹೆಜ್ಜೆ, ಭಾರವಾದದ್ದು, ನೇರ ನೆಲಮಾಳಿಗೆಯ ಬಾಗಿಲ ಕಡೆಗೇ ಬರುತ್ತಿತ್ತು.

‘ಹಿಮ ಹೀಗೆ ಬೀಳ್ತಿದೆ, ಇವತ್ತು ಯಾರೂ ಈ ಗುಡ್ಡ ಹತ್ತಲ್ಲ ಮಗಳೇ, ನೀನು ನಿಶ್ಚಿಂತೆಯಾಗಿ ನೋಡ್ಕೋ’ ಎಂದು ಹೆಸ್ಟರ್ ಮಧ್ಯಾಹ್ನ ತಾನೇ ಹೇಳಿದ್ದಳು.

ಬಾಗಿಲು ತೆರೆಯಿತು. ಮಾರ್ಸಿ ನಾಣ್ಯವನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡಳು.

“ಯಾರದು?”

“ಹೆದರಿದ್ರಾ? ನಾನು ಕ್ವಿಂಬಿ.”

ಆರ್ಲೋ ಕ್ವಿಂಬಿ ಕಾರ್ಸನ್ ಸಿಟಿಯಲ್ಲಿ ಹಳೆ ನಾಣ್ಯದ ಅಂಗಡಿ ಇಟ್ಟವನು. ಟ್ರೆಗಾಸ್ಕಿಸ್‌ಗೆ ಈ ಡಾಲರು ಮಾರಿದವನೂ ಅವನೇ, ಇದು ಅಸಲಿ ಎಂದು ವಿಮಾ ಕಂಪನಿಗೆ ಸಹಿ ಹಾಕಿ ಕೊಟ್ಟವನೂ ಅವನೇ. ಎತ್ತರದ ಆಳು. ಕೋಟಿನ ಭುಜದ ಮೇಲೆ ಹಿಮ ಇನ್ನೂ ಕರಗಿರಲಿಲ್ಲ. ಮೆಟ್ಟಿಲ ಅರ್ಧಕ್ಕೆ ಇಳಿದವನು ಅಲ್ಲೇ ಕೂತ. ಇಡೀ ಮೆಟ್ಟಿಲು ಅವನ ಮೈಯಿಂದಲೇ ತುಂಬಿಹೋಯಿತು.

ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ.

“ಈ ಹಿಮದಲ್ಲಿ ಯಾಕೆ ಬಂದ್ರಿ?” ಅವಳ ದನಿ ಅವಳಿಗೇ ತೆಳುವಾಗಿ ಕೇಳಿತು.

“ಮಿಸ್ ಹೆಸ್ಟರ್ ಫೋನ್ ಮಾಡಿದ್ರು. ಪೆಟ್ಟಿಗೆ ನೋಡೋಕೆ ನೀವು ಬರ್ತೀರಿ, ನಾನೂ ಇರಬೇಕು ಅಂದ್ರು. ಜಾರದಿರ್ಲಿ ಅಂತ ಕಾರಿನ ಚಕ್ರಕ್ಕೆ ಸರಪಳಿ ಕಟ್ಕೊಂಡು ಬಂದೆ.” ಅವನು ಕೈಗವಸು ಬಿಚ್ಚಲಿಲ್ಲ. “ಎಂಬತ್ತೊಂಬತ್ತರದ ಗುಳಿ ಖಾಲಿ ಕಾಣ್ತಿದೆ.”

“ನನ್ನ ಕೈಯಲ್ಲಿದೆ.”

“ಹೇಗಿದೆ?”

ಪ್ರಶ್ನೆ ಸುಮ್ಮನೆ ಕೇಳಿದ ಹಾಗಿತ್ತು. ಆದರೆ ಅವನ ಕಣ್ಣು ಅವಳ ಮುಖದಿಂದ ಕದಲಲಿಲ್ಲ. ಇವನೇ ಅಸಲಿ ನಾಣ್ಯ ಬದಲಾಯಿಸಿದ್ದರೆ, ತನಗೆ ಗೊತ್ತಾಗಿದೆ ಎಂದು ಇವನಿಗೆ ತಿಳಿದ ಕ್ಷಣ ತನ್ನ ಕತ್ತಿಗೂ ಮುದುಕನ ಗತಿಯೇ.

“ಚೆನ್ನಾಗಿದೆ,” ಅಂದಳು.

“ಚೆನ್ನಾಗಿದೆ.” ಕ್ವಿಂಬಿ ಆ ಪದವನ್ನು ಬಾಯಲ್ಲಿ ಹೊರಳಿಸಿದ. “ಇಪ್ಪತ್ತು ವರ್ಷದಿಂದ ಅಂಗಡಿಲಿ ಕೂತಿದೀನಿ. ಎಂಬತ್ತೊಂಬತ್ತರ ಕಾರ್ಸನ್ ಡಾಲರ್ ಮೊದಲ ಸಲ ಕೈಗೆ ತಗೊಂಡೋರು ಯಾರೂ ಹಾಗನ್ನಲ್ಲ. ಕೆಲವರು ಸುಮ್ಮನಾಗ್ತಾರೆ. ಒಬ್ಬ ಕುರಿಗಾಹಿ ಟೋಪಿ ತೆಗೆದ. ಯಾಕೆ ಗೊತ್ತಾ?”

“ಅಪರೂಪದ್ದು ಅಂತ.”

“ಅಪರೂಪ ಅಂದ್ರೆ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೆ. ಮೊದಲ ಮಹಾಯುದ್ಧದ ಹೊತ್ತಿಗೆ ಸರ್ಕಾರ ಕೋಟಿಗಟ್ಟಲೆ ಡಾಲರು ಕರಗಿಸಿಬಿಡ್ತು. ಯಾವ ವರ್ಷದ್ದು, ಯಾವ ಊರಿಂದು, ಒಬ್ಬನೂ ಬರೆದಿಡ್ಲಿಲ್ಲ. ನಮ್ಮ ಕಾಲದಲ್ಲೇ ಖಜಾನೆ ಚೀಲ ಬಿಚ್ಚಿದ್ರಲ್ಲ? ಎಲ್ಲೂ ಇಲ್ಲ ಅಂತಿದ್ದ ನ್ಯೂ ಆರ್ಲಿಯನ್ಸ್ ಡಾಲರು ಮೂಟೆ ಮೂಟೆ ಆಚೆ ಬಂತು. ಅದನ್ನೇ ನಂಬ್ಕೊಂಡಿದ್ದ ಮುದುಕರು ವಾರ ಕಳೆಯೋದ್ರಲ್ಲಿ ಬೀದಿಗೆ ಬಂದ್ರು. ಈಗ ಉಳಿದ ಕಾರ್ಸನ್ ಡಾಲರ್ನೂ ಸರ್ಕಾರದೋರೇ ಕಪ್ಪು ಡಬ್ಬಿಲಿ ಹಾಕಿ ಅಂಚೆಲಿ ಮಾರ್ತಿದಾರೆ. ನಾವೆಲ್ಲ ಉಸಿರು ಹಿಡ್ಕೊಂಡು ಕೂತಿದ್ವಿ, ಎಂಬತ್ತೊಂಬತ್ತರದ್ದೂ ಮೂಟೆಲಿ ಬಂದೀತು ಅಂತ. ಬರ್ಲಿಲ್ಲ.” ಅವನು ಒಂದು ಮೆಟ್ಟಿಲು ಕೆಳಗೆ ಸರಿದ. “ಅಂಥದ್ದನ್ನ ಕೈಲಿಟ್ಕೊಂಡು ನೀವು ಚೆನ್ನಾಗಿದೆ ಅಂತೀರಿ. ನೆಂಟರ ಮನೆ ಸಾರಿಗೆ ಹೇಳಿದ ಹಾಗೆ.”

ಮೇಜಿನ ಮೇಲೆ ಸೂಜಿ ಇತ್ತು, ಕೈಗೆ ಎಟುಕುವಷ್ಟು ಹತ್ತಿರ. ಸೂಜಿ ಹಿಡಿದು ಏನು ಮಾಡುವುದು?

“ತೋರಿಸಿ,” ಅಂದ ಕ್ವಿಂಬಿ.

“ಅಲ್ಲಿಂದಲೇ ನೋಡಿ.”

“ಸುಳ್ಳು ಹೇಳೋಕೆ ಬರಲ್ಲ ನಿಮಗೆ. ಅಕ್ಷರ ಸರಿಯಿಲ್ಲ, ಅಲ್ವಾ?”

ಅವಳಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಬೆನ್ನಿಗೆ ಸುರಂಗದ ಹಲಗೆ, ಹಲಗೆಯ ಸಂದಿನಿಂದ ಆ ತಣ್ಣನೆ ಗಾಳಿ. ಇನ್ನು ಹೆದರಿ ಸುಮ್ಮನಿದ್ದರೆ ಹೆದರಿಕೊಂಡೇ ಸಾಯಬೇಕು ಅನ್ನಿಸಿತು.

“ಸರಿಯಿಲ್ಲ,” ಅಂದಳು. “ನೀವು ಸಹಿ ಹಾಕಿದ್ದು ಇದಕ್ಕಾದ್ರೆ ನೀವು ಅವತ್ತೇ ಮೋಸ ಮಾಡಿದೀರಿ. ಅಸಲಿ ನಾಣ್ಯಕ್ಕೆ ಸಹಿ ಹಾಕಿದ್ರೆ, ಆಮೇಲೆ ಯಾರೋ ಬದಲಾಯಿಸಿದಾರೆ. ಇಂಥದ್ದೊಂದು ಮಾಡೋಕೆ ಗೊತ್ತಿರೋರು ಈ ಕಣಿವೆಲಿ ಎಷ್ಟು ಜನ ಇದಾರೆ ಕ್ವಿಂಬಿಯವರೇ?”

ಅವನು ಎದ್ದು ಬಂದ. ಆದರೆ ಅವನು ಅವಳನ್ನು ಮುಟ್ಟಲಿಲ್ಲ. ಮುಂದೆ ಕೈಚಾಚಿ ನಿಂತ, ಬೇಡುವವನ ಹಾಗೆ. ಅವಳು ಮುಷ್ಟಿ ಬಿಚ್ಚಿದಳು. ಅವನು ಜೇಬಿನಿಂದ ತನ್ನದೇ ಭೂತಗನ್ನಡಿಯ ಗಾಜು ತೆಗೆದು ನೋಡಿದ. ಬಹಳ ಹೊತ್ತು ನೋಡಿದ.

“ಬೆಸುಗೆ,” ಅಂದ ಕೊನೆಗೆ. “ತೆಳ್ಳಗೆ ಬೆಸುಗೆ ಹಾಕಿ ಕೂರಿಸಿದಾರೆ. ಒಳ್ಳೆ ಕೈ.”

“ನನಗೂ ಬೆಸುಗೆ ಅಂತಲೇ ಅನ್ನಿಸ್ತು.”

“ಇದು ನಾನು ಕೊಟ್ಟ ನಾಣ್ಯ ಅಲ್ಲ. ಅದರಲ್ಲಿ ಮುಂಬದಿಯ ಹೆಣ್ಣಿನ ಕೆನ್ನೆ ಮೇಲೆ ಒಂದು ಸಣ್ಣ ಗೀರಿತ್ತು, ಬೆಕ್ಕು ಪರಚಿದ ಹಾಗೆ. ಇದರ ಕೆನ್ನೆ ನೋಡಿ, ಬೆಣ್ಣೆ.” ಕ್ವಿಂಬಿ ನಾಣ್ಯವನ್ನು ಅವಳ ಅಂಗೈಗೇ ಹಿಂತಿರುಗಿಸಿದ. “ಎಫ್ರಾಯಿಮ್ ಹೇಳಿದ್ದು ನಿಜ.”

“ಏನು ಹೇಳಿದ್ದ?”

ಅವನು ಮೇಲಿನ ಬಾಗಿಲು ನೋಡಿದ. ದನಿ ತಗ್ಗಿತು.

“ಸತ್ತ ದಿನ ಫೋನ್ ಮಾಡಿದ್ದ. ‘ಆರ್ಲೋ, ನನ್ನ ಎಂಬತ್ತೊಂಬತ್ತು ಬದಲಾಗಿದೆ. ನನ್ನ ಮೇಜಲ್ಲಿ ಉಂಡೋನೇ ಮಾಡಿದಾನೆ. ಬಾ, ಹಿಂದಿನ ಓಣಿಲಿ ಬಾ’ ಅಂದ. ಬಂದೆ. ಹೆಸ್ಟರ್ ಚರ್ಚಿಗೆ ಹೋಗಿದ್ರು. ಹಿತ್ತಿಲ ಬಾಗಿಲು ತೆಗೆದಿತ್ತು. ಕೆಳಗೆ ಇಣುಕಿದ್ರೆ...” ಅವನು ಮೆಟ್ಟಿಲ ಬುಡದ ಕಡೆ ಕೈ ತೋರಿಸಿದ, ಆ ಕಡೆ ನೋಡಲಿಲ್ಲ. “ಇನ್ನೂ ಬಿಸಿಯಿದ್ದ.”

“ಯಾರಿಗೂ ಹೇಳ್ಲಿಲ್ಲ?”

“ಹೇಳಿದ್ರೆ ಏನಂತಿದ್ರಿ? ಈಗ ನೀವು ಅಂದಿದ್ದನ್ನೇ ಅಂತಿದ್ರಿ. ನಾಣ್ಯ ಮಾರಿದೋನು, ಸಹಿ ಹಾಕಿದೋನು, ಹೆಣದ ಪಕ್ಕ ನಿಂತೋನು.” ಅವನು ಒಣ ತುಟಿ ಒರೆಸಿಕೊಂಡ. “ಓಡಿಹೋದೆ. ಅವತ್ತಿಂದ ಅಂಗಡಿ ಬಾಗಿಲ ಗಂಟೆ ಅಲ್ಲಾಡಿದ್ರೂ ಮೈ ನಡುಗುತ್ತೆ. ನೀವೊಬ್ಬರೇ ಹೆದರಿದೀರಿ ಅಂದ್ಕೊಂಡ್ರಾ?”

ಮಾರ್ಸಿ ಅವನ ಮುಖ ಓದಲು ನೋಡಿದಳು. ಹೆದರಿದ ಮನುಷ್ಯನೂ ಕೊಂದಿರಬಹುದು. ಕೊಂದ ಮೇಲೆ ಹೆದರುವವರೇ ಹೆಚ್ಚು. ಅಲ್ಲದೆ ಟ್ರೆಗಾಸ್ಕಿಸ್‌ನ ಮೇಜಲ್ಲಿ ಉಂಡವನು ಎಂದರೆ ಯಾರು? ಭಾನುವಾರದ ಊಟಕ್ಕೂ ಇಸ್ಪೀಟಿಗೂ ಬರುತ್ತಿದ್ದವರು ಇಬ್ಬರೇ. ಒಬ್ಬ ಕ್ವಿಂಬಿ. ಇನ್ನೊಬ್ಬ ಗಸ್ ಹಾಲ್ವರ್ಸನ್, ಈ ಊರಿನ ಪೊಲೀಸು ಡೆಪ್ಯುಟಿ, ಮಾರ್ಸಿಯ ಜತೆ ಒಂದೇ ಶಾಲೆಯಲ್ಲಿ ಓದಿದವನು. ಮುದುಕನ ಹೆಣದ ಕೈಯಿಂದ ಭೂತಗನ್ನಡಿ ಬಿಡಿಸಿಕೊಂಡವನು ಗಸ್. ಅದನ್ನು ಅವಳಿಗೆ ಹೇಳಿದವನೂ ಗಸ್. ಅವನು ಹೇಳದಿದ್ದರೆ ಅವಳಿಗೆ ಸಂಶಯವೇ ಬರುತ್ತಿರಲಿಲ್ಲ.

ಮೇಲೆ ಮತ್ತೆ ಬೂಟಿನ ಸದ್ದು. ಹೆಸ್ಟರಳ ದನಿ, ಮೆಲ್ಲಗೆ: “ಇಬ್ಬರೂ ಕೆಳಗೇ ಇದಾರೆ, ಹೋಗಪ್ಪ.”

ಬಾಗಿಲಲ್ಲಿ ಅಗಲ ಟೋಪಿಯ ನೆರಳು ಕಂಡಿತು.

“ಮಾರ್ಸಿ?”

ಗಸ್‌ನ ದನಿ ಕೇಳಿ ಅವಳಿಗೆ ಕಣ್ಣಲ್ಲಿ ನೀರೇ ಬಂತು. ಎದೆಯ ಮೇಲೆ ಹೇರಿದ್ದ ಬಂಡೆ ಇಳಿದ ಹಾಗಾಯಿತು. ಕ್ವಿಂಬಿ ಗೋಡೆಗೆ ಒತ್ತಿ ನಿಂತ.

“ಬಂದ್ಯಾ ಗಸ್?”

“ಹೆಸ್ಟರಮ್ಮ ಕರೆದ್ರು. ಈ ಮನುಷ್ಯನ ಜತೆ ನೀನೊಬ್ಬಳೇ ಇದೀಯ ಅಂತ ಕೇಳಿ ಓಡಿ ಬಂದೆ.” ಗಸ್ ಮೆಟ್ಟಿಲಿಳಿದು ಬಂದ, ಕ್ವಿಂಬಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. “ಏನಯ್ಯಾ, ಬೆವರ್ತಿದೀಯ? ಇಲ್ಲಿ ಅಷ್ಟೊಂದು ಸೆಕೆಯಾ?”

“ನಾನೇನೂ ಮಾಡಿಲ್ಲ ಡೆಪ್ಯುಟಿ.”

“ನೀನು ಮಾಡಿದೆ ಅಂತ ಯಾರಂದ್ರು?” ಗಸ್ ನಕ್ಕು ಮಾರ್ಸಿಯ ಕಡೆ ತಿರುಗಿದ. ಅವಳ ಮುಷ್ಟಿ ನೋಡಿದ. ಪ್ರೀತಿಯಿಂದಲೇ ಹೇಳಿದ, ಬಿಸಿ ಪಾತ್ರೆ ಮುಟ್ಟಬೇಡ ಎಂದು ಮನೆಯವರಿಗೆ ಹೇಳುವ ಹಾಗೆ: “ಅಷ್ಟು ಬಿಗಿಯಾಗಿ ಹಿಡೀಬೇಡ ಮಾರ್ಸಿ. ಅಂಗೈ ಬಿಸಿಗೆ ಅಂಟು ಸಡಿಲ ಆಗುತ್ತೆ. ಅಕ್ಷರ ಉದುರಿಹೋದ್ರೆ ಸಾಕ್ಷಿಯೇ ಹೋಯ್ತು. ಕೊಡು ಇಲ್ಲಿ.”

ಅವಳು ಕೊಡಲು ಕೈ ಮುಂದೆ ಮಾಡಿದಳು. ಮಾಡಿದ ಕೈ ಅರ್ಧದಲ್ಲೇ ನಿಂತಿತು.

ಅಂಟು.

ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡನೇ? ಕೇಳಿಸಿಕೊಂಡಿದ್ದರೂ ಅವನ ಕಿವಿಗೆ ಬೀಳಬೇಕಾದದ್ದು ಬೆಸುಗೆ ಎಂಬ ಮಾತು. ಕ್ವಿಂಬಿ ಬೆಸುಗೆ ಅಂದಿದ್ದ. ಅವಳೂ ಬೆಸುಗೆ ಅಂದಿದ್ದಳು. ಇಪ್ಪತ್ತು ವರ್ಷ ನಾಣ್ಯ ನೋಡಿದ ಕಣ್ಣೇ ಬೆಸುಗೆ ಎಂದು ನಂಬಿತ್ತು. ಅಲ್ಲಿರುವುದು ಅಂಟು ಎಂದು ಗೊತ್ತಿರುವುದು ಒಬ್ಬನಿಗೆ ಮಾತ್ರ, ಅದನ್ನು ಹಚ್ಚಿದವನಿಗೆ.

ಹಾಗಾದರೆ ಭೂತಗನ್ನಡಿಯ ವಿಷಯ ತನಗೇಕೆ ಹೇಳಿದ? ಉತ್ತರ ಎದುರಿಗೇ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಕೊಲೆ ಎಂದು ಎಂದಾದರೂ ಹೊರಬಿದ್ದರೆ ಅದಕ್ಕೊಬ್ಬ ಕೊಲೆಗಾರ ಬೇಕು. ನಾಣ್ಯದ ಅಂಗಡಿಯವನಿಗಿಂತ ಹೇಳಿಮಾಡಿಸಿದವನು ಯಾರಿದ್ದಾನೆ? ಅವನ ಹತ್ತಿರಕ್ಕೆ ಅವಳನ್ನು ಗಸ್ ತಾನೇ ಕೈ ಹಿಡಿದು ನಡೆಸಿಕೊಂಡು ಬಂದಿದ್ದ.

ಮುಖದಲ್ಲಿ ಏನೂ ತೋರಿಸಬಾರದು ಎಂದುಕೊಂಡಳು. ಆದರೆ ಸುಳ್ಳು ಹೇಳಲು ಬಾರದ ಮುಖ ಅದು. ಗಸ್‌ನ ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. ತಾನು ಏನು ಆಡಿದೆ ಎಂಬುದು ಅವನಿಗೂ ಆಗಲೇ ಹೊಳೆಯಿತು.

ಕ್ವಿಂಬಿಗೆ ಏನೂ ತಿಳಿದಿರಲಿಲ್ಲ. ಅವನು ಬಾಗಿಲ ಕಡೆಯೇ ನೋಡುತ್ತಿದ್ದ.

ಆಗಲೇ ಬಾಗಿಲು ಮುಚ್ಚಿತು. ಹೊರಗಿನಿಂದ ಅಗುಳಿ ಬಿದ್ದ ಸದ್ದು ನೆಲಮಾಳಿಗೆಯಲ್ಲೆಲ್ಲ ಕೇಳಿಸಿತು.

ಗಸ್ ತಿರುಗಿ ಮೇಲೆ ನೋಡಿದ. “ಹೆಸ್ಟರಮ್ಮ? ಬಾಗಿಲು ಹಾಕ್ಕೊಂಡ್ಬಿಡ್ತು.”

“ನಾನೇ ಹಾಕಿದ್ದು.”

ಮುದುಕಿಯ ದನಿ ಮರದ ಆಚೆಯಿಂದ ಸ್ಪಷ್ಟವಾಗಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ಒಲೆಯ ಮುಂದೆ ನಿಂತು ಮಾತಾಡಿದ ಹಾಗಿತ್ತು.

“ಅಣ್ಣ ಅವತ್ತು ಬೆಳಿಗ್ಗೆ ನನಗೂ ಹೇಳಿದ್ದ, ಊಟಕ್ಕೆ ಬರೋರಲ್ಲೇ ಒಬ್ಬ ಅಂತ. ಯಾವನು ಅಂತ ಹೇಳ್ಲಿಲ್ಲ. ನೀವಿಬ್ಬರೂ ನನ್ನ ಕೈಯಾರೆ ಮಾಡಿದ ಮಾಂಸ ತುಂಬಿದ ಪ್ಯಾಸ್ಟಿ ಕಡುಬು ತಿಂದೋರು. ಅಣ್ಣನ ಮಣ್ಣಿಗೆ ಇಬ್ಬರೂ ಬಂದು ನನ್ನ ಭುಜ ತಟ್ಟಿದ್ರಿ. ಆ ಕೈಯಲ್ಲಿ ಯಾವ ಕೈ ಅಂತ ನನಗೆ ಗೊತ್ತಾಗ್ಬೇಕು. ಗೊತ್ತಾಗೋವರೆಗೂ ಈ ಬಾಗಿಲು ತೆಗೆಯಲ್ಲ.”

“ಇದು ಹುಚ್ಚಾಟ, ತೆಗೀರಿ,” ಅಂದ ಗಸ್, ಮೆಟ್ಟಿಲು ಹತ್ತಿ ಬಾಗಿಲಿಗೆ ಭುಜ ಕೊಟ್ಟ. ಗಣಿಯ ಕಾಲದ ತೊಲೆ ಮರದ ಬಾಗಿಲು. ಅಲ್ಲಾಡಲಿಲ್ಲ.

“ಮಗಳೇ,” ಅಂದಳು ಹೆಸ್ಟರ್. “ನೀನು ನಾಣ್ಯ ನೋಡಿದೀಯ, ಇಬ್ಬರ ಹತ್ರಾನೂ ಮಾತಾಡಿದೀಯ. ನಿನ್ನ ತಲೆ ಚೆನ್ನಾಗಿದೆ. ಯಾರು ಅಂತ ಹೇಳು.”

ಆ ಮುದುಕಿಗೆ ಎಲ್ಲ ಹೊಳೆದಿತ್ತು. ಕೆಳಗಿರುವವರಲ್ಲಿ ಒಬ್ಬನ ಸೊಂಟದಲ್ಲಿ ಪಿಸ್ತೂಲಿದೆ ಎಂಬುದೊಂದು ಹೊಳೆದಿರಲಿಲ್ಲ. ಅಥವಾ ಹೊಳೆದೂ ಅವಳು ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ.

ಗಸ್ ನಿಧಾನವಾಗಿ ಇಳಿದು ಬಂದ. ಕ್ವಿಂಬಿಗೆ ಕಾಣದ ಹಾಗೆ ಓರೆಯಾಗಿ ನಿಂತು, ಸೊಂಟದ ಚರ್ಮದ ಚೀಲದ ಗುಂಡಿ ಬಿಚ್ಚಿದ. ಮಾರ್ಸಿಯನ್ನು ನೋಡಿ, ಗದ್ದದಿಂದ ಕ್ವಿಂಬಿಯ ಕಡೆ ತೋರಿಸಿದ. ತುಟಿ ಅಲ್ಲಾಡಲಿಲ್ಲ. ಅಲ್ಲಾಡಬೇಕಾಗಿಯೂ ಇರಲಿಲ್ಲ.

ಗಸ್ ಎಂದು ಹೇಳಿದರೆ ಈಗಲೇ ಗುಂಡು, ಮೊದಲು ಅವಳಿಗೆ, ಆಮೇಲೆ ಕ್ವಿಂಬಿಗೆ. ಮುಂದಿನ ಕತೆಯನ್ನು ಡೆಪ್ಯುಟಿ ತಾನೇ ಬರೆದುಕೊಳ್ಳುತ್ತಾನೆ. ಕ್ವಿಂಬಿ ಎಂದರೆ ಬಾಗಿಲು ತೆರೆದೀತು. ಬೆಳಕಿಗೆ ಹೋಗಬಹುದು. ಆಮೇಲೆ ಏನಾದರೂ ಮಾಡಬಹುದು.

“ಹೇಳಮ್ಮ,” ಅಂದಳು ಹೆಸ್ಟರ್.

“ಕ್ವಿಂಬಿ,” ಅಂದಳು ಮಾರ್ಸಿ.

ಕ್ವಿಂಬಿ ಅವಳ ಮುಖವನ್ನೇ ನೋಡಿದ. ಅವನ ಕೈಯಲ್ಲಿದ್ದ ಗಾಜು ಜಾರಿ ನೆಲಕ್ಕೆ ಬಿದ್ದು ಒಡೆಯಿತು.

ಅಗುಳಿ ಸರಿಯಲಿಲ್ಲ. ಗಸ್ ಕತ್ತೆತ್ತಿ ಕಾದ, ಒಂದು ಕೈ ಸೊಂಟದ ಮೇಲೇ ಇತ್ತು.

“ನಿನ್ನ ದನಿ ನಡುಗ್ತಿದೆ ಮಗಳೇ,” ಅಂದಳು ಹೆಸ್ಟರ್ ಕೊನೆಗೆ. “ಕ್ವಿಂಬಿಗೆ ಹೆದರಿದ್ರೆ, ಅವನ ಎದುರಿಗೇ ಅವನ ಹೆಸರು ಹೇಳ್ತಿರ್ಲಿಲ್ಲ ನೀನು.”

ಚರ್ಮದ ಚೀಲದಿಂದ ಪಿಸ್ತೂಲು ಹೊರಗೆ ಬಂತು.

“ಗಸ್,” ಅಂದಳು ಹೆಸ್ಟರ್, ಈಗ ಇನ್ನೂ ಮೆಲ್ಲಗೆ, “ನೀನೇನಪ್ಪ?”

ಅವನು ಮಾರ್ಸಿಯ ಕಡೆ ತಿರುಗಿದ. ಆ ಹೊತ್ತಿಗೆ ಮೇಲೆ ಹೆಸ್ಟರ್ ಒತ್ತಿದ ಸ್ವಿಚ್ಚಿನ ಟಕ್ಕೆಂಬ ಸದ್ದಾಯಿತು. ಬಲ್ಬು ಆರಿಹೋಯಿತು.